ಫಾರ್ಮ್ಯಾಟ್ ಮಾಡಿಸುವ ಮುಂಚೆ: ಅಪ್ಪನ ಹಳೆ ಮೇಲ್‌ಗಳನ್ನು ಉಳಿಸಿಕೊಳ್ಳುವ ಬಗೆ

ಪ್ರಶ್ನೆ: ಬಸವನಗುಡಿಯ ನಮ್ಮ ಮನೆಯಲ್ಲಿ ತಂದೆಯವರ ಹಳೆ ಕಂಪ್ಯೂಟರ್ ಇದೆ. ವಿಂಡೋಸ್ ಎಕ್ಸ್‌ಪಿ. 2001ರಿಂದ 2012ರವರೆಗಿನ ಅವರ ಮೇಲ್‌ಗಳೆಲ್ಲ ಅದರ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಮೇಲ್ ಪ್ರೋಗ್ರಾಂನಲ್ಲಿವೆ. ಅಮೆರಿಕದಲ್ಲಿರುವ ಅಣ್ಣ ಬರೆದ ಪತ್ರಗಳೂ ಅಲ್ಲೇ ಇವೆ, ಕೆಲವು ಕನ್ನಡದಲ್ಲಿವೆ. ಅಡ್ರೆಸ್ ಬುಕ್‌ನಲ್ಲಿ ನೆಂಟರು, ಆಫೀಸಿನ ಗೆಳೆಯರ ವಿಳಾಸಗಳಿವೆ. ಮದುವೆ ಪತ್ರಿಕೆ ಹಂಚಲು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಒಂದು ದೊಡ್ಡ ಎಕ್ಸೆಲ್ ಪಟ್ಟಿಯೂ ಇದೆ. ಈಗ ವಿಂಡೋಸ್ 11 ಲ್ಯಾಪ್‌ಟಾಪ್ ತಂದಿದ್ದೇವೆ. ಅಂಗಡಿಯವರು ಹಳೆಯದನ್ನು ಎಕ್ಸ್‌ಚೇಂಜ್‌ಗೆ ತೆಗೆದುಕೊಳ್ಳುತ್ತಾರಂತೆ, ‘ಡಾಟಾ ಎಲ್ಲಾ ಹಾಕಿಕೊಡ್ತೀವಿ’ ಅಂತಲೂ ಹೇಳಿದ್ದಾರೆ. ಮೇಲ್‌ಗಳು, ವಿಳಾಸಗಳು ಹಾಳಾಗದೆ ಹೊಸದಕ್ಕೆ ಬರಬೇಕಾದರೆ ಏನು ಮಾಡಬೇಕು?

ಉತ್ತರ: ಮೊದಲು ಆ ಎಕ್ಸ್‌ಚೇಂಜ್ ಮಾತನ್ನು ನಿಲ್ಲಿಸಿ. ಕಂಪ್ಯೂಟರ್ ಇನ್ನೂ ಸ್ವಲ್ಪ ದಿನ ಮನೆಯಲ್ಲೇ ಇರಲಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ‘ಡಾಟಾ ಎಲ್ಲಾ’ ಎಂದರೆ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಮತ್ತು ಮೈ ಡಾಕ್ಯುಮೆಂಟ್ಸ್, ಅಷ್ಟೆ. ನಿಮ್ಮ ತಂದೆಯವರ ಮೇಲ್ ಆ ಎರಡರಲ್ಲೂ ಇಲ್ಲ. ಅದು ಸಿ ಡ್ರೈವ್‌ನ ಒಳಗೆ, ಕಣ್ಣಿಗೆ ಕಾಣದ ಹಾಗೆ ವಿಂಡೋಸ್ ಅಡಗಿಸಿಟ್ಟ ಫೋಲ್ಡರ್‌ನಲ್ಲಿದೆ. ಒಳ್ಳೆ ಮನಸ್ಸಿನಿಂದಲೇ ಕಾಪಿ ಮಾಡಿಕೊಟ್ಟು, ಒಳ್ಳೆ ಮನಸ್ಸಿನಿಂದಲೇ ಫಾರ್ಮ್ಯಾಟ್ ಮಾಡಿ, ಎಷ್ಟೋ ಮನೆಗಳ ಹತ್ತು ವರ್ಷದ ಪತ್ರಗಳು ಹೋಗಿರುವುದು ಹೀಗೆಯೇ.

ಇನ್ನೊಂದು ಕಾರಣವೂ ಇದೆ. ‘ಮೇಲ್ ಅಲ್ವಾ, ನೆಟ್‌ನಲ್ಲಿ ಇದ್ದೇ ಇರುತ್ತೆ’ ಎಂದು ಈಗಿನವರು ಅಂದುಕೊಳ್ಳುತ್ತಾರೆ. ಜಿಮೇಲ್ ಬಳಸಿ ಬೆಳೆದವರಿಗೆ ಅದು ಸಹಜ. ಆದರೆ ಡಯಲ್ಅಪ್ ಕಾಲದಲ್ಲಿ ಹೆಚ್ಚಿನವರ ಖಾತೆ ನಡೆಯುತ್ತಿದ್ದದ್ದು ಪಾಪ್ 3 ಎಂಬ ಪದ್ಧತಿಯಲ್ಲಿ. ಔಟ್‌ಲುಕ್ ಎಕ್ಸ್‌ಪ್ರೆಸ್ ಸರ್ವರ್‌ನಿಂದ ಮೇಲ್ ಇಳಿಸಿಕೊಳ್ಳುತ್ತಿತ್ತು, ಇಳಿಸಿಕೊಂಡ ಮೇಲೆ ಸರ್ವರ್‌ನಲ್ಲಿದ್ದ ಪ್ರತಿಯನ್ನು ಅಳಿಸಿಬಿಡುತ್ತಿತ್ತು. ಆಗ ಸರ್ವರ್‌ನಲ್ಲಿ ಸಿಗುತ್ತಿದ್ದ ಜಾಗ ಕೆಲವೇ ಎಂಬಿ. 2004ರ ಏಪ್ರಿಲ್‌ನಲ್ಲಿ ಜಿಮೇಲ್ 1 ಜಿಬಿ ಕೊಡುತ್ತೇವೆ ಎಂದಾಗ ಜನ ನಂಬದೆ ಇದ್ದದ್ದು ಅದಕ್ಕೇ. ಹಾಗಾಗಿ ಅಣ್ಣನ ಪತ್ರಗಳಿಗೆ ಈಗ ಭೂಮಿಯ ಮೇಲೆ ಇರುವುದು ಬಹುಶಃ ಒಂದೇ ಪ್ರತಿ, ಅದು ಆ ಹಳೆ ಹಾರ್ಡ್ ಡಿಸ್ಕ್‌ನಲ್ಲಿದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತನ್ನು ಇಟ್ಟುಕೊಂಡೇ. ಮೊದಲು ಇದ್ದದ್ದನ್ನು ಇದ್ದ ಹಾಗೇ ಕಾಪಿ ಮಾಡಬೇಕು. ತೆರೆಯುವುದು, ಬದಲಾಯಿಸುವುದು, ತಿದ್ದುವುದು ಎಲ್ಲಾ ಆಮೇಲೆ, ಅದೂ ಪ್ರತಿಯ ಮೇಲೆ.

ಹಳೆ ಕಂಪ್ಯೂಟರ್ ಆನ್ ಮಾಡುವ ಮುಂಚೆ ನೆಟ್‌ವರ್ಕ್ ಕೇಬಲ್ ತೆಗೆದಿಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಅದನ್ನು ಇವತ್ತಿನ ಇಂಟರ್‌ನೆಟ್‌ಗೆ ಜೋಡಿಸಬಾರದು, ಜೋಡಿಸಿದರೂ ಪ್ರಯೋಜನ ಕಡಿಮೆ. ಈಗಿನ ಮೇಲ್ ಸರ್ವರ್‌ಗಳು ಕೇಳುವ ಸುರಕ್ಷತೆಯ ಪದ್ಧತಿ ಅದಕ್ಕೆ ಗೊತ್ತಿಲ್ಲ. ತುಂಬಾ ದಿನ ನಿಂತಿದ್ದರೆ ಆನ್ ಆಗುವಾಗ ಎಫ್1 ಒತ್ತಿ ಎಂದು ಕೇಳಿ, ತಾರೀಖನ್ನು ಹಳೆ ವರ್ಷಕ್ಕೆ ತೋರಿಸಬಹುದು. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದೆ ಎಂದಷ್ಟೇ ಅದರ ಅರ್ಥ. ಗಾಬರಿ ಬೇಡ.

ಆನ್ ಆದ ಮೇಲೆ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆಯಬೇಡಿ. ಎಲ್ಲರೂ ಮೊದಲು ಮಾಡುವುದೇ ಅದು, ಆದರೂ ಬೇಡ. ಆ ಪ್ರೋಗ್ರಾಂಗೆ ಆಗಾಗ ‘ಮೇಲ್‌ಗಳನ್ನು ಕಾಂಪ್ಯಾಕ್ಟ್ ಮಾಡಲೇ’, ಅಂದರೆ ಒತ್ತಿ ಚಿಕ್ಕದು ಮಾಡಲೇ, ಎಂದು ಕೇಳುವ ಅಭ್ಯಾಸ ಇದೆ. ನಾವು ಸುಮ್ನೆ ಓಕೆ ಒತ್ತಿಬಿಡುತ್ತೇವೆ. ಹಳೆಯದಾದ, ಅಲ್ಲಲ್ಲಿ ಕೆಟ್ಟಿರಬಹುದಾದ ಡಿಸ್ಕ್‌ನಲ್ಲಿ ಆ ಕೆಲಸ ಅರ್ಧಕ್ಕೆ ನಿಂತರೆ ಇಡೀ ಇನ್‌ಬಾಕ್ಸ್ ಹೋಗುತ್ತದೆ. ಅದರ ಬದಲು ಸ್ಟಾರ್ಟ್ ಮೆನುವಿನ ಸರ್ಚ್‌ಗೆ ಹೋಗಿ. ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಸಿಸ್ಟಂ ಫೋಲ್ಡರ್, ಹಿಡನ್ ಫೈಲ್ ಎರಡಕ್ಕೂ ಟಿಕ್ ಹಾಕಿ. ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ಆಮೇಲೆ ಡಿಬಿಎಕ್ಸ್ ಎಂದು ಇಂಗ್ಲಿಷಿನಲ್ಲಿ ಕೊಟ್ಟು ಹುಡುಕಿ. ಇನ್‌ಬಾಕ್ಸ್, ಸೆಂಟ್ ಐಟಮ್ಸ್, ತಂದೆಯವರು ತಾವೇ ಮಾಡಿಕೊಂಡ ಫೋಲ್ಡರ್‌ಗಳು, ಪ್ರತಿಯೊಂದಕ್ಕೂ ಒಂದೊಂದು ಡಿಬಿಎಕ್ಸ್ ಫೈಲ್ ಕಾಣಿಸುತ್ತದೆ.

ಸಾಮಾನ್ಯವಾಗಿ ಅವು ಇರುವ ದಾರಿ ಹೀಗಿದೆ. ಸಿ ಡ್ರೈವ್, ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್, ತಂದೆಯವರ ಲಾಗಿನ್ ಹೆಸರು, ಲೋಕಲ್ ಸೆಟ್ಟಿಂಗ್ಸ್, ಅಪ್ಲಿಕೇಶನ್ ಡಾಟಾ, ಐಡೆಂಟಿಟೀಸ್, ಆಮೇಲೆ ಅಂಕಿ-ಅಕ್ಷರ ಬೆರೆತ ಉದ್ದನೆಯ ಹೆಸರಿನ ಫೋಲ್ಡರ್, ಅದರೊಳಗೆ ಮೈಕ್ರೋಸಾಫ್ಟ್, ಕೊನೆಗೆ ಔಟ್‌ಲುಕ್ ಎಕ್ಸ್‌ಪ್ರೆಸ್. ಉದ್ದನೆಯ ಹೆಸರಿನ ಫೋಲ್ಡರ್ ಒಂದಕ್ಕಿಂತ ಜಾಸ್ತಿ ಇದ್ದರೆ ಮನೆಯಲ್ಲಿ ಬೇರೆ ಯಾರೋ ಬೇರೆ ಐಡೆಂಟಿಟಿ ಮಾಡಿಕೊಂಡು ಬಳಸಿದ್ದಾರೆ ಎಂದು ಅರ್ಥ. ಅಮ್ಮನ ಮೇಲ್ ಅಲ್ಲಿರಬಹುದು. ಬಿಡಬೇಡಿ. ಅಡ್ರೆಸ್ ಬುಕ್ ಬೇರೆ ಕಡೆ ಇರುತ್ತದೆ. ಅದೇ ಲಾಗಿನ್ ಹೆಸರಿನ ಕೆಳಗೆ ಅಪ್ಲಿಕೇಶನ್ ಡಾಟಾ, ಮೈಕ್ರೋಸಾಫ್ಟ್, ಅಡ್ರೆಸ್ ಬುಕ್. ಅಲ್ಲಿ ಡಬ್ಲ್ಯುಎಬಿ ಎಂದು ಕೊನೆಯಾಗುವ ಒಂದು ಫೈಲ್ ಇರುತ್ತದೆ. ಇಷ್ಟೆಲ್ಲ ಹುಡುಕಲು ಬೇಸರವಾದರೆ ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಬಿಡಿ. ಜಾಗ ಜಾಸ್ತಿ ಬೇಕಾದೀತು, ಯಾವುದೋ ಫೈಲ್ ಬಳಕೆಯಲ್ಲಿದೆ ಎಂದು ತಕರಾರು ಬಂದೀತು, ಆದರೆ ಬಿಟ್ಟುಹೋಗುವ ಸಾಧ್ಯತೆ ಕಡಿಮೆ.

ಕಾಪಿ ಮಾಡುವಾಗ ಫೈಲ್‌ನ ಸೈಜ್ ನೋಡಿ. ಬರೀ ಹತ್ತಾರು ಕೆಬಿ ಇದ್ದರೆ ಅದು ಬಹುತೇಕ ಖಾಲಿ ಫೋಲ್ಡರ್. ಇನ್‌ಬಾಕ್ಸ್ 2 ಜಿಬಿ ಹತ್ತಿರ ಇದ್ದರೆ ಎಚ್ಚರ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ಫೈಲ್‌ಗೆ ಅದೇ ಮಿತಿ, ಅದನ್ನು ಮುಟ್ಟಿದ ಫೈಲ್‌ಗಳು ಕೆಡುವುದು ಜಾಸ್ತಿ. ಒಂದು ಪ್ರತಿ ಪೆನ್ ಡ್ರೈವ್‌ಗೆ, ಇನ್ನೊಂದು ಬೇರೆ ಡ್ರೈವ್‌ಗೆ ಇರಲಿ. ಸಿಡಿಗೆ ಬರೆದರೆ ವಾಪಸ್ ಕಾಪಿ ಮಾಡಿದಾಗ ಫೈಲ್‌ಗಳಿಗೆ ‘ರೀಡ್ ಓನ್ಲಿ’ ಗುರುತು ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದಿದ್ದರೆ ಔಟ್‌ಲುಕ್ ಎಕ್ಸ್‌ಪ್ರೆಸ್ ಆ ಫೈಲ್‌ಗಳನ್ನು ತೆರೆಯುವುದಿಲ್ಲ. ಎಕ್ಸ್‌ಪಿ ಕಾಲದಲ್ಲಿ ಪೆನ್ ಡ್ರೈವ್ ಮೂಲಕ ಹರಡುವ ವೈರಸ್ ಕಾಟ ವಿಪರೀತ ಇತ್ತು. ಹಾಗಾಗಿ ಆ ಪೆನ್ ಡ್ರೈವನ್ನು ಲ್ಯಾಪ್‌ಟಾಪ್‌ಗೆ ಹಾಕಿದ ತಕ್ಷಣ ಒಮ್ಮೆ ಸ್ಕ್ಯಾನ್ ಮಾಡಿ, ಆಮೇಲೆ ತೆರೆಯಿರಿ.

ಕಂಪ್ಯೂಟರ್ ಆನ್ ಆಗದೇ ಇದ್ದರೂ ಆಸೆ ಬಿಡಬೇಡಿ. ಮದರ್‌ಬೋರ್ಡ್, ಪವರ್ ಸಪ್ಲೈ ಸತ್ತರೂ ಹಾರ್ಡ್ ಡಿಸ್ಕ್ ಚೆನ್ನಾಗಿರುವುದು ಮಾಮೂಲು. ಡಿಸ್ಕ್ ಬಿಚ್ಚಿಸಿ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ಹೋಗಿ ‘ಐಡಿಇ ಮತ್ತು ಸಾಟಾ ಎರಡೂ ಇರುವ ಯುಎಸ್‌ಬಿ ಅಡಾಪ್ಟರ್’ ಕೇಳಿ. ಐಡಿಇ, ಸಾಟಾ ಎಂದರೆ ಡಿಸ್ಕ್ ಜೋಡಿಸುವ ಹಳೆಯ ಮತ್ತು ಹೊಸ ಬಗೆಗಳು. ಆ ಕಾಲದ ಡಿಸ್ಕ್ ಅಗಲವಾದ ಪಟ್ಟಿ ಕೇಬಲ್‌ನ ಐಡಿಇ ಆಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಪ್ರತ್ಯೇಕ ಪವರ್ ಅಡಾಪ್ಟರ್ ಬೇಕೇ ಬೇಕು, ಬರೀ ಯುಎಸ್‌ಬಿ ಕೇಬಲ್ ಕೊಟ್ಟರೆ ವಾಪಸ್ ಕೊಡಿ. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ತಕ್ಷಣ ಪವರ್ ತೆಗೆಯಿರಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಡಾಟಾ ರಿಕವರಿಯವರ ಹತ್ತಿರವೇ ಹೋಗಬೇಕು.

ಈಗ ಹೊಸ ಲ್ಯಾಪ್‌ಟಾಪ್ ಕಡೆ ಬರೋಣ. ಅದರಲ್ಲಿ ‘ಔಟ್‌ಲುಕ್’ ಇದೆಯಲ್ಲ, ಅದರಲ್ಲೇ ತೆರೆದರಾಯಿತು ಎಂದು ಅನಿಸುತ್ತದೆ. ಆಗುವುದಿಲ್ಲ. ಹೆಸರು ಒಂದೇ ಥರ ಇದ್ದರೂ ಔಟ್‌ಲುಕ್ ಎಕ್ಸ್‌ಪ್ರೆಸ್ ಬೇರೆಯೇ ಪ್ರೋಗ್ರಾಂ, ಎಕ್ಸ್‌ಪಿಯ ನಂತರ ಅದು ಬರಲೇ ಇಲ್ಲ. ವಿಸ್ಟಾದಲ್ಲಿ ವಿಂಡೋಸ್ ಮೇಲ್, ಆಮೇಲೆ ವಿಂಡೋಸ್ ಲೈವ್ ಮೇಲ್, ವಿಂಡೋಸ್ 10ರಲ್ಲಿ ಇನ್ನೊಂದು ಮೇಲ್ ಆಪ್, ಈಗ ಹೊಸ ಔಟ್‌ಲುಕ್. ಲೈವ್ ಮೇಲ್ 2017ರ ಜನವರಿಯಲ್ಲಿ ನಿಂತಿತು, ಮೇಲ್ ಆಪ್ 2024ರ ಕೊನೆಗೆ ನಿಂತಿತು. ಒಂದೊಂದರಲ್ಲೂ ಜನ ಮೇಲ್ ತುಂಬಿಸಿದ್ದರು. ಇದನ್ನು ನೋಡಿದ ಮೇಲೆ ನನ್ನ ಸಲಹೆ ಒಂದೇ. ಪ್ರೋಗ್ರಾಂ ಯಾವುದೇ ಇರಲಿ, ಮೇಲ್ ಮಾತ್ರ ಯಾವ ಕಂಪನಿಗೂ ಸೇರದ ರೂಪದಲ್ಲಿ ಇರಬೇಕು. ಅಂಥವು ಎರಡಿವೆ, ಇಎಂಎಲ್ ಮತ್ತು ಎಂಬಾಕ್ಸ್. ಇಎಂಎಲ್‌ನಲ್ಲಿ ಒಂದು ಮೇಲ್‌ಗೆ ಒಂದು ಫೈಲ್. ಎಂಬಾಕ್ಸ್‌ನಲ್ಲಿ ಒಂದು ಫೋಲ್ಡರ್‌ನ ಮೇಲ್‌ಗಳೆಲ್ಲ ಒಂದೇ ಫೈಲ್. ಎರಡೂ ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತವೆ. ಫೋಟೋ, ಅಟ್ಯಾಚ್‌ಮೆಂಟ್‌ಗಳೂ ಅದರೊಳಗೇ ಇರುತ್ತವೆ. ಮೇಲ್ ಹೀಗಿರಬೇಕು ಎಂಬ ಮೂಲ ನಿಯಮ 1982ರದ್ದು, ಇವತ್ತಿಗೂ ಅದರ ಮೇಲೇ ನಡೆಯುತ್ತಿದೆ.

ಆ ರೂಪಕ್ಕೆ ತರುವ ಸುಲಭದ ದಾರಿ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ. ಉಚಿತ, ಮೊಜಿಲ್ಲಾದವರದ್ದು. ಎಕ್ಸ್‌ಪಿ ಮೇಲೆ ಓಡುವ ಕೊನೆಯ ಥಂಡರ್‌ಬರ್ಡ್ 52ನೇ ಆವೃತ್ತಿ. ಅದನ್ನು ಲ್ಯಾಪ್‌ಟಾಪ್‌ನಲ್ಲಿ ಮೊಜಿಲ್ಲಾದ ಹಳೆ ಆವೃತ್ತಿಗಳ ಸಂಗ್ರಹದಿಂದಲೇ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ಹಳೆ ಕಂಪ್ಯೂಟರಿಗೆ ಒಯ್ಯಿರಿ. ಅಲ್ಲಿ ಇನ್‌ಸ್ಟಾಲ್ ಮಾಡಿ, ಯಾವ ಖಾತೆಯನ್ನೂ ಸೇರಿಸದೆ, ಟೂಲ್ಸ್ ಮೆನುವಿನ ಇಂಪೋರ್ಟ್‌ಗೆ ಹೋಗಿ ಔಟ್‌ಲುಕ್ ಎಕ್ಸ್‌ಪ್ರೆಸ್ ಆರಿಸಿ. ಮೇಲ್ ಒಂದು ಸಲ, ಅಡ್ರೆಸ್ ಬುಕ್ ಒಂದು ಸಲ. ಮುಗಿದ ಮೇಲೆ ಥಂಡರ್‌ಬರ್ಡ್ ಮುಚ್ಚಿ, ಅದು ತನ್ನ ಮೇಲ್‌ಗಳನ್ನು ಇಟ್ಟುಕೊಳ್ಳುವ ಪ್ರೊಫೈಲ್ ಫೋಲ್ಡರ್‌ನೊಳಗೆ ಮೇಲ್, ಅದರೊಳಗೆ ಲೋಕಲ್ ಫೋಲ್ಡರ್ಸ್ ತೆರೆಯಿರಿ. ಹೆಸರಿನ ಕೊನೆಗೆ ಚುಕ್ಕಿ, ಅಕ್ಷರಗಳ ಬಾಲ ಇಲ್ಲದ ಫೈಲ್‌ಗಳೇ ಎಂಬಾಕ್ಸ್‌ಗಳು. ಎಸ್‌ಬಿಡಿ ಎಂದು ಕೊನೆಯಾಗುವವು ಒಳ ಫೋಲ್ಡರ್‌ಗಳು, ಅವನ್ನೂ ತೆಗೆದುಕೊಳ್ಳಬೇಕು. ಎಂಎಸ್‌ಎಫ್ ಎಂದಿರುವವು ಬರೀ ಸೂಚಿ, ಬೇಡ. ಲ್ಯಾಪ್‌ಟಾಪ್‌ನಲ್ಲಿ ಇವತ್ತಿನ ಥಂಡರ್‌ಬರ್ಡ್ ಹಾಕಿ, ಮುಚ್ಚಿ, ಅದರ ಲೋಕಲ್ ಫೋಲ್ಡರ್ಸ್‌ಗೆ ಇವನ್ನು ಇಟ್ಟು ಮತ್ತೆ ತೆರೆದರೆ ಎಡಗಡೆ ತಂದೆಯವರ ಫೋಲ್ಡರ್‌ಗಳು ಸಾಲಾಗಿ ಕಾಣುತ್ತವೆ.

ಹಳೆ ಕಂಪ್ಯೂಟರ್ ಆನ್ ಆಗದೆ ಡಿಸ್ಕ್‌ನಿಂದ ಡಿಬಿಎಕ್ಸ್ ಫೈಲ್ ಮಾತ್ರ ಸಿಕ್ಕಿದ್ದರೆ ಅನ್‌ಡಿಬಿಎಕ್ಸ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದೆ. ಅದು ಡಿಬಿಎಕ್ಸ್‌ನಿಂದ ಒಂದೊಂದೇ ಮೇಲನ್ನು ಇಎಂಎಲ್ ಆಗಿ ಹೊರತೆಗೆಯುತ್ತದೆ. ಕೆಟ್ಟ ಫೈಲ್‌ನಿಂದ ಸಿಕ್ಕಷ್ಟನ್ನು ತೆಗೆಯುವ ಆಯ್ಕೆಯೂ ಅದರಲ್ಲಿದೆ. ಆ ಇಎಂಎಲ್‌ಗಳನ್ನು ಥಂಡರ್‌ಬರ್ಡ್‌ಗೆ ತುಂಬಲು ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ ಎಂಬ ಆಡ್-ಆನ್ (ಹೆಚ್ಚುವರಿ ಸೇರ್ಪಡೆ) ಬೇಕು. ಫೈಲ್ ಅಪ್‌ಲೋಡ್ ಮಾಡಿ, ನಾವು ಬದಲಾಯಿಸಿ ಕೊಡುತ್ತೇವೆ ಎನ್ನುವ ಆನ್‌ಲೈನ್ ಜಾಗಗಳಿಗೆ ಮಾತ್ರ ಹೋಗಬೇಡಿ. ತಂದೆಯವರ ಬ್ಯಾಂಕಿನ ಪತ್ರ, ಮನೆಯವರ ಸುಖದುಃಖ ಎಲ್ಲಾ ಆ ಫೈಲ್‌ನಲ್ಲಿದೆ.

ಬಂದದ್ದು ಪೂರ್ತಿ ಬಂದಿದೆಯೇ ಎಂದು ನೋಡುವ ಕೆಲಸವನ್ನು ದಯವಿಟ್ಟು ಬಿಡಬೇಡಿ. ಈಗ ಹಳೆಯದರಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆಯಬಹುದು, ಪ್ರತಿ ಇದೆಯಲ್ಲ. ಒಂದೊಂದು ಫೋಲ್ಡರ್‌ನ ಕೆಳಗೆ ಒಟ್ಟು ಎಷ್ಟು ಮೇಲ್ ಎಂದು ತೋರಿಸುತ್ತದೆ. ಹೊಸದರ ಲೆಕ್ಕದ ಪಕ್ಕ ಇಟ್ಟು ನೋಡಿ. ಲೆಕ್ಕ ಸರಿ ಬಂದರೂ ಅಷ್ಟಕ್ಕೆ ನಿಲ್ಲಿಸದೆ ಅತಿ ಹಳೆಯದು ಒಂದು, ನಡುವಿನದು ಒಂದೆರಡು, ದೊಡ್ಡ ಫೋಟೋ ಇರುವುದು ಒಂದು, ಕನ್ನಡದ್ದು ಒಂದು ತೆರೆದು ನೋಡಿ. ಈ ಹೊತ್ತಿಗೆ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಫೋಲ್ಡರ್‌ನಲ್ಲಿ ಏನಿರಬೇಕಿತ್ತು ಎಂದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಅಣ್ಣನ ಕನ್ನಡ ಪತ್ರಗಳು ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ಪತ್ರ ಹಾಳಾಯಿತು ಅಂದುಕೊಳ್ಳಬೇಡಿ. ಆಗ ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ಬಹಳಷ್ಟು ಕನ್ನಡ ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಈಗಿನ ಪದ್ಧತಿಯದ್ದಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ ಫಾಂಟ್‌ಗಳು ಅವು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆಕಾರ ಹೋಗಿ ಸಂಕೇತ ಮಾತ್ರ ಉಳಿಯುತ್ತದೆ. ಹಳೆ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಬಿಆರ್‌ಎಚ್ ಎಂದು ಶುರುವಾಗುವ ಫಾಂಟ್‌ಗಳನ್ನೂ ಕಾಪಿ ಮಾಡಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ, ಫಾಂಟ್ ಹೆಸರು ಸಮೇತ ಕಳಿಸಿದ ಪತ್ರಗಳು ಮತ್ತೆ ಕನ್ನಡದಲ್ಲೇ ಕಾಣುತ್ತವೆ. ಉಳಿದವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲೂ ಪರಿವರ್ತಕ ಇದೆ, ಬರಹದಲ್ಲೂ ಇದೆ. ಮೂಲ ಮೇಲನ್ನು ತಿದ್ದಬೇಡಿ, ಬದಲಾಯಿಸಿದ್ದನ್ನು ಬೇರೆಯಾಗಿ ಇಡಿ.

ಇನ್ನು ಆ ಮದುವೆ ಪಟ್ಟಿ. ಅದೂ ಇದೇ ಥರದ್ದು, ಆದರೆ ಅದರಲ್ಲಿ ಒಂದು ದೊಡ್ಡ ಗುಂಡಿ ಇದೆ. ಇಡೀ ಹಾಳೆಯನ್ನು ಆಯ್ದು ಪರಿವರ್ತಕಕ್ಕೆ ಹಾಕಿದರೆ ಇಂಗ್ಲಿಷಿನಲ್ಲಿರುವ ಮೇಲ್ ವಿಳಾಸಗಳೂ ಕನ್ನಡದ ಯಾವ್ಯಾವುದೋ ಅಕ್ಷರ ಆಗಿಬಿಡುತ್ತವೆ. ಪರಿವರ್ತಕಕ್ಕೆ ಕಾಣುವುದು ಸಂಕೇತ ಮಾತ್ರ, ಅದು ಇಂಗ್ಲಿಷೋ ನುಡಿಯೋ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಹೆಸರಿನ ಕಾಲಂ, ಮನೆ ವಿಳಾಸದ ಕಾಲಂ, ಇವನ್ನಷ್ಟೇ ತೆಗೆದು ಬದಲಾಯಿಸಿ, ಸಾಲು ತಪ್ಪದ ಹಾಗೆ ವಾಪಸ್ ಅಂಟಿಸಿ. ಆಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಮೊದಲು ನೋಡಿ. ಮೂರ್ತಿ, ಶರ್ಮ, ಸೂರ್ಯ, ಪಾರ್ವತಿ. ಹಳೆ ಫಾಂಟ್‌ಗಳಲ್ಲಿ ಅರ್ಕಾವತ್ತಿನ ಚಿಹ್ನೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮುಂಚೆ ಬರಬೇಕು. ಜಾಗ ಅದಲುಬದಲು ಮಾಡುವಲ್ಲಿ ಪರಿವರ್ತಕಗಳು ಎಡವುವುದು ಜಾಸ್ತಿ. ಲಕ್ಷ್ಮೀ, ಜ್ಯೋತ್ಸ್ನಾ ಥರದ ಎರಡು ಒತ್ತಿನ ಹೆಸರುಗಳನ್ನೂ ಕಣ್ಣಾಡಿಸಿ ನೋಡಿ.

ಅಡ್ರೆಸ್ ಬುಕ್ ವಿಷಯ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಫೈಲ್ ಮೆನುವಿನಿಂದ ನೇರವಾಗಿ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ ಪಟ್ಟಿ) ಆಗಿ ಹೊರತೆಗೆಯಬಹುದು. ಆಗ ಯಾವ ಯಾವ ವಿವರ ಬೇಕು ಎಂದು ಪಟ್ಟಿ ತೋರಿಸುತ್ತದೆ. ಎಲ್ಲಕ್ಕೂ ಟಿಕ್ ಇರುವುದಿಲ್ಲ. ಮೊಬೈಲ್, ಟಿಪ್ಪಣಿ ಎಲ್ಲಾ ಸೇರಬೇಕಾದರೆ ನೀವೇ ಟಿಕ್ ಹಾಕಬೇಕು. ‘ಅಕ್ಕನ ಮನೆಯವರು’, ‘ಆಫೀಸ್’ ಎಂದು ಗುಂಪು ಮಾಡಿಟ್ಟಿದ್ದರೆ ಆ ಗುಂಪುಗಳು ಸಿಎಸ್‌ವಿಗೆ ಬರುವುದಿಲ್ಲ, ಒಂದೊಂದು ಗುಂಪನ್ನೂ ತೆರೆದು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಯೂನಿಕೋಡ್ ಕನ್ನಡದ ಹೆಸರುಗಳಿದ್ದರೆ ಈ ಸಿಎಸ್‌ವಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿ ಬರಬಹುದು. ಹಾಗಾದರೆ ಥಂಡರ್‌ಬರ್ಡ್‌ಗೆ ತಂದ ಅಡ್ರೆಸ್ ಬುಕ್ ನೋಡಿ. ಅಲ್ಲಿ ಹೆಸರು ಸರಿಯಾಗಿದ್ದರೆ ಅಲ್ಲಿಂದ ಎಲ್‌ಡಿಐಎಫ್ ಎಂಬ ವಿಳಾಸ ಪಟ್ಟಿಯ ರೂಪದಲ್ಲಿ ತೆಗೆಯಿರಿ. ಅದು ಕನ್ನಡವನ್ನು ಕೆಡಿಸುವುದಿಲ್ಲ.

ಸಿಎಸ್‌ವಿ ಸಿಕ್ಕಿತು ಎಂದು ಅದರ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಮಾಡಿದರೆ ಅದು ಎಕ್ಸೆಲ್‌ನಲ್ಲಿ ತೆರೆಯುತ್ತದೆ. ಎಕ್ಸೆಲ್‌ಗೆ ಫೋನ್ ನಂಬರ್ ಎಂದರೆ ಬರೀ ಒಂದು ಸಂಖ್ಯೆ. 080ರ ಮೊದಲ ಸೊನ್ನೆ ಹೋಗುತ್ತದೆ, ಪ್ಲಸ್ 91ರ ಪ್ಲಸ್ ಹೋಗುತ್ತದೆ. 91 ಸೇರಿ 12 ಅಂಕಿಯ ಮೊಬೈಲ್ ನಂಬರ್ ಇದ್ದರೆ ಅದನ್ನು 9.2ಇ+11 ಥರ ಚಿಕ್ಕದು ಮಾಡಿ ತೋರಿಸುತ್ತದೆ. ತೋರಿಸುವುದರಿಂದ ತೊಂದರೆ ಇಲ್ಲ. ಆದರೆ ಹಾಗೇ ಸೇವ್ ಮಾಡಿದಿರೋ, ಸಿಎಸ್‌ವಿಯಲ್ಲಿ ಕಂಡದ್ದೇ ದಾಖಲಾಗುತ್ತದೆ, ಉಳಿದ ಅಂಕಿಗಳು ಶಾಶ್ವತವಾಗಿ ಹೋಗುತ್ತವೆ. ಬದಲಿಗೆ ಎಕ್ಸೆಲ್‌ನಂಥದೇ ಆದ, ಉಚಿತವಾದ ಲಿಬ್ರೆ ಆಫೀಸ್‌ನ ಕ್ಯಾಲ್ಕ್‌ನಲ್ಲಿ ತೆರೆಯಿರಿ. ತೆರೆಯುವ ಮುಂಚೆಯೇ ಅದು ಅಕ್ಷರದ ಸಂಕೇತ ಯಾವುದು ಎಂದು ಕೇಳುತ್ತದೆ, ಫೋನ್ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಲು ಬಿಡುತ್ತದೆ. ಕನ್ನಡ ಸೇರಿಸಿದ ಮೇಲೆ ಸೇವ್ ಮಾಡುವಾಗ ಸಂಕೇತ ಯುಟಿಎಫ್-8, ಅಂದರೆ ಯೂನಿಕೋಡ್ ಉಳಿಸುವ ರೂಪ, ಇರಲಿ. ಎಕ್ಸೆಲ್‌ನಲ್ಲೇ ಮಾಡುತ್ತೀರಾದರೆ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಇಲ್ಲದಿದ್ದರೆ ಕಷ್ಟಪಟ್ಟು ಬದಲಾಯಿಸಿದ ಕನ್ನಡ ಮತ್ತೆ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ.

ಹಳೆ ಪಟ್ಟಿಯಲ್ಲಿ 7 ಅಂಕಿಯ ಬೆಂಗಳೂರಿನ ಲ್ಯಾಂಡ್‌ಲೈನ್ ನಂಬರ್‌ಗಳು ಸಿಗಬಹುದು. ಬಿಎಸ್‌ಎನ್‌ಎಲ್ ನಂಬರ್‌ಗಳಿಗೆ ಆಮೇಲೆ ಮುಂದೆ 2 ಸೇರಿ 8 ಅಂಕಿ ಆಯಿತು. ಆ ಫೋನ್‌ಗಳಲ್ಲಿ ಎಷ್ಟು ಈಗ ಇವೆಯೋ ಬೇರೆ ಮಾತು. ಆದರೂ ಆ ಸಾಲುಗಳನ್ನು ಅಳಿಸಬೇಡಿ, ಮನೆ ವಿಳಾಸ ಅದರಲ್ಲೇ ಇರುತ್ತದೆ.

ಫೋನ್‌ಗೆ ಬೇಕಾದರೆ ಈ ಪಟ್ಟಿಯನ್ನು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಹಾಕಿ. ಮೊದಲು ಅಲ್ಲಿಂದ ಒಂದೇ ಒಂದು ಹೆಸರನ್ನು ಎಕ್ಸ್‌ಪೋರ್ಟ್ ಮಾಡಿ ತಲೆಸಾಲು ಹೇಗಿದೆ ನೋಡಿ, ನಿಮ್ಮ ಸಿಎಸ್‌ವಿಯ ಕಾಲಂಗಳಿಗೆ ಅದೇ ಹೆಸರು ಕೊಡಿ. ಐದು ಹೆಸರು ಹಾಕಿ ಪರೀಕ್ಷೆ ಮಾಡಿ, ಸರಿ ಬಂದರೆ ಉಳಿದದ್ದು. ಮೇಲ್‌ಗಳನ್ನೂ ಜಿಮೇಲ್‌ಗೆ ಏರಿಸಬಹುದು. ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಖಾತೆ ಸೇರಿಸಿ, ಅಣ್ಣನ ಪತ್ರಗಳನ್ನು ಆರಿಸಿ ಅದರ ಒಂದು ಲೇಬಲ್‌ಗೆ ಕಾಪಿ ಮಾಡಿದರಾಯಿತು. ದಿನಕ್ಕೆ 500 ಎಂಬಿಗಿಂತ ಜಾಸ್ತಿ ಏರಿಸಲು ಗೂಗಲ್ ಬಿಡುವುದಿಲ್ಲ. ನನ್ನನ್ನು ಕೇಳಿದರೆ ಎಲ್ಲವನ್ನೂ ಏರಿಸಬೇಡಿ. ಉಚಿತವಾಗಿ ಸಿಗುವ 15 ಜಿಬಿ ಫೋಟೋ, ಡ್ರೈವ್, ಮೇಲ್ ಮೂರಕ್ಕೂ ಸೇರಿ ಇರುವುದು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಅಳಿಸುವ ಹಕ್ಕನ್ನೂ ಅವರು ಇಟ್ಟುಕೊಂಡಿದ್ದಾರೆ. ಮನೆಯವರು ಓದುವ ಪತ್ರಗಳು ಅಲ್ಲಿರಲಿ, ಪೂರ್ತಿ ಸಂಗ್ರಹ ಲ್ಯಾಪ್‌ಟಾಪ್‌ನಲ್ಲಿ ಮತ್ತು ಒಂದು ಹೊರಗಿನ ಡ್ರೈವ್‌ನಲ್ಲಿ ಇರಲಿ. ಇನ್ನೊಂದು ಪ್ರತಿಯನ್ನು ಅಣ್ಣನಿಗೇ ಕಳಿಸಿ.

ಮೇಲ್ ಎಲ್ಲಾ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ತಂದೆಯವರ ಆ ಹಳೆ ಮೇಲ್ ವಿಳಾಸವನ್ನು ಯಾವ ಬ್ಯಾಂಕ್, ವಿಮೆ, ಪಿಂಚಣಿ, ಷೇರು ಖಾತೆಗೆ ಕೊಟ್ಟಿದ್ದಾರೋ ನೋಡಿ. ಥಂಡರ್‌ಬರ್ಡ್‌ನಲ್ಲಿ ‘ಸ್ಟೇಟ್‌ಮೆಂಟ್’, ‘ಪಾಲಿಸಿ’, ‘ಫೋಲಿಯೋ’ ಎಂದು ಹುಡುಕಿದರೆ ಪಟ್ಟಿ ತಾನಾಗಿ ಸಿಗುತ್ತದೆ. ವಿಳಾಸ ಈಗ ಕೆಲಸ ಮಾಡದೆ ಇದ್ದರೆ ಅಲ್ಲೆಲ್ಲ ಹೊಸದನ್ನು ಬರೆಸಬೇಕು. ಮರೆತುಹೋದ ಮ್ಯೂಚುವಲ್ ಫಂಡ್, ಹಳೆ ಡಿಪಾಸಿಟ್ ಈ ಹುಡುಕಾಟದಲ್ಲಿ ಸಿಕ್ಕುವುದೂ ಉಂಟು.

ಇಷ್ಟಾಗಿ, ಲೆಕ್ಕ ಕೂಡಿ, ತಂದೆಯವರೂ ಸರಿ ಎಂದ ಮೇಲೆ ಹಳೆ ಕಂಪ್ಯೂಟರ್ ಕೊಡಬಹುದು. ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಟ್ಟುಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಸ್ವಲ್ಪ ಕಡಿಮೆ ಕೊಟ್ಟಾರು, ಕೊಡಲಿ. ಅಂಗಡಿಯವರು ಬೇಡ ಎಂದರೆ ಗುಜರಿಗೆ ಹಾಕದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯದವರಿಗೆ ಕೊಡಿ. ಡಿಬಿಎಕ್ಸ್ ಫೈಲ್‌ಗಳ ಮೊದಲ ಪ್ರತಿಯನ್ನು, ಎಲ್ಲವೂ ಸರಿಯಾಗಿ ಬಂದಿದ್ದರೂ, ಅಳಿಸದೆ ಇಟ್ಟಿರಿ. ಜಾಗ ಹಿಡಿಯುವುದು ಒಂದೆರಡು ಜಿಬಿ ಅಷ್ಟೆ.